ಸಣ್ಣ ಕರುಳಿಗೆ ಲಾಡಿ ಹಾಕಿದ್ದು

ನಾನು ಸುರಪುರದವಳು, ಯಾದಗಿರಿಯ ಆಸ್ಪತ್ರೆಯೊಂದರ ಎಂಡೋಸ್ಕೋಪಿ ಕೋಣೆಯಲ್ಲಿ ಸಿಸ್ಟರ್. ಇಲ್ಲಿ ಬಾಯಿ ತೆರೆಸುವುದು ಕೊಳವೆ ಒಳಗೆ ಬಿಡಲು. ಆದರೆ ಕೊಳವೆ ಹೋಗುವ ಮೊದಲೇ ಮಾತು ಹೊರಗೆ ಬರುತ್ತದೆ. ನಗು ತಡೆದುಕೊಳ್ಳುವುದೇ ನನಗೆ ದೊಡ್ಡ ಡ್ಯೂಟಿ.

ಉಪವಾಸ

ಕೆಂಭಾವಿಯ ಒಬ್ಬ ಅಜ್ಜಿಗೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿತ್ತು. ಮೇಲಿಂದ ನೋಡಿದ್ದಾಯಿತು, ಕೆಳಗಿಂದ ನೋಡಿದ್ದಾಯಿತು, ಜಾಗ ಸಿಗಲಿಲ್ಲ. ರಕ್ತ ಏರಿಸಿ ಕಳಿಸಿದರೆ ಮತ್ತೆ ಬಿಳಿಚಿಕೊಂಡು ಬರುತ್ತಿದ್ದಳು. ಉಳಿದದ್ದು ನಡುವಿನ ಸಣ್ಣ ಕರುಳು. ಮಾಮೂಲಿ ಕೊಳವೆ ಅಲ್ಲಿಗೆ ಮುಟ್ಟುವುದಿಲ್ಲ. ಬಲೂನು ಕಟ್ಟಿದ ಕೊಳವೆ ಬೇಕು. ಅದನ್ನು ಹಾಕುವ ಡಾಕ್ಟರು ಹೊರಗಿನಿಂದ ತಿಂಗಳಿಗೊಮ್ಮೆ ಬರುತ್ತಾರೆ. ಹಿಂದಿನ ದಿನದಿಂದ ಉಪವಾಸ ಇರಬೇಕೆಂದು ನಾನೇ ಹೇಳಿದ್ದೆ.

"ಏನೂ ತಿಂದಿಲ್ಲಲ್ಲ, ಯಮ್ಮಾ?"

"ಇಲ್ಲವ್ವ, ಕಟ್ಟುನಿಟ್ಟು ಉಪವಾಸ. ಬರೇ ಸಾಬುದಾಣಿ ಖಿಚಡಿ, ಬಾಳಿಹಣ್ಣು, ಶೇಂಗಾದ ಉಂಡಿ."

ಡಾಕ್ಟರು ತಲೆ ಹಿಡಿದುಕೊಂಡರು. ಅಜ್ಜಿ ಅವರನ್ನೇ ಸಮಾಧಾನ ಮಾಡಿದಳು: "ಸಾಬುದಾಣಿ ನಡೀತದ್ರಿ. ನಮ್ಮ ಸ್ವಾಮಿಗೋಳೂ ತಿಂತಾರ."

ಫುಗ್ಗಾ

ಅಜ್ಜಿಯ ಸರದಿ ತಪ್ಪಿ, ಆ ಜಾಗಕ್ಕೆ ಶಹಾಪುರದ ಹತ್ತಿ ವ್ಯಾಪಾರಿ ಬಂದರು. ಬಲೂನಿಗೆ ಗಾಳಿ ತುಂಬಿ, ನೀರಿನಲ್ಲಿ ಅದ್ದಿ, ಸೋರುತ್ತದೆಯೇ ಎಂದು ಮೊದಲು ನೋಡುವುದು ನನ್ನ ಕೆಲಸ. ವ್ಯಾಪಾರಿ ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದರು.

"ಆ ಫುಗ್ಗಾ ಆಮ್ಯಾಲ ಏನ್ ಮಾಡ್ತೀರಿ?"

"ಬಿಸಾಡ್ತೀವ್ರಿ. ಇನ್ನೊಬ್ಬರಿಗಿ ಹಾಕಂಗಿಲ್ಲ."

"ಬಿಸಾಡೋದೇ ಆದ್ರ ತೊಳದು ನನಗ ಕೊಡ್ರಿ. ನಾಳೆ ಮೊಮ್ಮಗನ ಬರ್ತ್‌ಡೇ ಅದ."

ಪಿನ್ನು

ಮುಂದಿನ ತಿಂಗಳು ಅಜ್ಜಿ ಸೊಸೆಯ ಹೆಗಲು ಹಿಡಿದು ಬಂದಳು. ತುಟಿ ಕೂಡ ಬಿಳುಪಾಗಿತ್ತು. ನನಗೆ ನಿಜವಾಗಿ ಭಯವಾಯಿತು. ಸೊಸೆ ಅಡುಗೆಮನೆಗೆ ಕಾವಲು ಕೂತಿದ್ದರಿಂದ ಹೊಟ್ಟೆಯೇನೋ ಖಾಲಿ ಇತ್ತು. ಆದರೆ ಈಗ ಅಜ್ಜಿ ಬಾಯಿ ತೆರೆಯಲೊಲ್ಲಳು.

"ಅಷ್ಟುದ್ದ ಕರುಳಿನಾಗ ಈ ಪೈಪ ಹ್ಯಾಂಗ ಹೋಗ್ತದ? ಮೊದಲು ಅದು ಹೇಳು."

"ಲಂಗಕ್ಕ ಲಾಡಿ ಹಾಕ್ತಿ ಇಲ್ಲ? ಬಟ್ಟಿ ನಿರಿಗಿ ಮಾಡಿ ಹಿಂದ ಸರಸ್ತೀವಿ, ಲಾಡಿ ಮುಂದ ಹೋಗ್ತದ. ಈ ಬಲೂನು ಕರುಳ ಹಿಡದು ಹಂಗೇ ಹಿಂದ ಸರಸ್ತದ."

ಅಜ್ಜಿಗೆ ಪೂರ್ತಿ ತಿಳಿಯಿತು. ತಿಳಿದದ್ದೇ ತಪ್ಪಾಯಿತು.

"ಲಾಡಿ ಅಂದಮ್ಯಾಲ ತುದಿಗಿ ಪಿನ್ನ ಇರ್ತದ. ಅದು ಒಳಗ ಉಳದ್ರ?"

"ಪಿನ್ನ ಗಿನ್ನ ಏನೂ ಉಳಿಯಂಗಿಲ್ಲ. ನನ್ನ ಮಕ್ಕಳ ಆಣಿ."

ಆಣೆ ಕೇಳಿದ ಮೇಲೆ ಬಾಯಿ ತೆರೆದಳು. ಕರುಳಿನ ಬಹಳ ಒಳಗೆ, ರಕ್ತ ಜಿನುಗುತ್ತಿದ್ದ ಸಣ್ಣ ನಾಳ ಸಿಕ್ಕಿತು. ಡಾಕ್ಟರು ಅದಕ್ಕೊಂದು ಪುಟ್ಟ ಲೋಹದ ಕ್ಲಿಪ್ ಹಾಕಿದರು. ರಕ್ತ ನಿಂತಿತು. ಪರದೆ ನೋಡುತ್ತಾ ನನ್ನ ಕಣ್ಣು ತುಂಬಿ ಬಂತು. ಆಮೇಲೆ ಆಣೆ ನೆನಪಾಯಿತು.

ಎಚ್ಚರವಾದ ಅಜ್ಜಿಗೆ ಡಾಕ್ಟರು, "ಒಳಗೆ ಒಂದು ಸಣ್ಣ ಕ್ಲಿಪ್ ಇದೆ ಅಮ್ಮಾ, ತಾನೇ ಬಿದ್ದು ಹೋಗುತ್ತದೆ" ಎಂದರು. ಅಜ್ಜಿ ನನ್ನನ್ನೇ ನೋಡಿದಳು. ನಾನು ನೆಲ ನೋಡಿದೆ.

ಮರುತಿಂಗಳು ತಪಾಸಣೆಗೆ ಒಬ್ಬಳೇ ನಡೆದುಕೊಂಡು ಬಂದಳು. ಮುಖ ಕೆಂಪಗಿತ್ತು. ಸೆರಗಿನ ತುದಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಕಟ್ಟಿಕೊಂಡಿದ್ದಳು.

"ಹ್ಯಾಂಗಿದ್ದಿ, ಯಮ್ಮಾ?" ಎಂದೆ.

"ಪಿನ್ನ ಗಟ್ಟಿ ಅದ, ನಾನೂ ಗಟ್ಟಿ ಅದೀನಿ. ಮೊದಲು ನಿನ್ನ ಮಕ್ಕಳನ್ನ ಕರಿ, ಆಣಿ ಇಳಸ್ತೀನಿ."