ಗವಿಯ ಬಾಯಲ್ಲಿ ಒಡಪು

ಹನುಮಸಾಗರದ ಗುಡ್ಡಗಳನ್ನು ದೇವರು ಮಾಡಿದನೋ ಕಿರಾಣಿ ಅಂಗಡಿ ದೇವೇಂದ್ರಪ್ಪ ಮಾಡಿದನೋ ಎಂದು ಅನುಮಾನ ಬರಬೇಕು, ಆತ ಅವುಗಳ ಬಗ್ಗೆ ಮಾತಾಡುವುದನ್ನು ಕೇಳಿದರೆ!

“ಕಣ್ಣಿಗೆ ಅರಿವಿ ಕಟ್ಟಿ ಬಿಡ್ರಿ ಬೀಗ್ರ! ಅಡವಿ ದಾಟಿ ನೀರು ಬೀಳೋ ಧಬಧಬಿ ಮುಂದ ಹೋಗಿ ನಿಂತು ಅರಿವಿ ಬಿಚ್ಚತೀನಿ. ಅಲ್ಲೀ ಗವಿಗೋಳಂತೂ ನಮ್ಮ ಅಡಗಿಮನಿ ಇದ್ದಾಂಗ!”

“ಅಡಗಿಮನ್ಯಾಗ ಉಪ್ಪು ಎಲ್ಲೈತಿ ಅಂತನೂ ಇವರಿಗೆ ಗೊತ್ತಿಲ್ಲ,” ಎಂದು ಒಳಗಿನಿಂದ ಹೆಂಡತಿ ವಿರೂಪಾಕ್ಷಮ್ಮನ ದನಿ ಬಂತು.

ದೇವೇಂದ್ರಪ್ಪ ಬಾಯ್ತುಂಬ ‘ಬೀಗ್ರ’ ಎಂದು ಕರೆಯುತ್ತಿದ್ದನಾದರೂ ಅವರಿನ್ನೂ ಬೀಗರಾಗಿರಲಿಲ್ಲ. ಯಲಬುರ್ಗಾದ ಕೊಟ್ರಬಸಪ್ಪ, ಅನ್ನಮ್ಮ ದಂಪತಿ ಮಗನಿಗೆ ಹೆಣ್ಣು ನೋಡಲು ಬಂದಿದ್ದರು. ಹುಡುಗ ನಿಜಾಮ ಸರಕಾರದ ತಹಸೀಲು ಕಚೇರಿಯಲ್ಲಿ ಉರ್ದು ಬರೆಯುವ ಕಾರಕೂನ. ಇಂಥ ಅಳಿಯ ಸಿಕ್ಕರೆ ದೇವೇಂದ್ರಪ್ಪ ರುಮಾಲನ್ನು ಇನ್ನೊಂದು ಗೇಣು ಎತ್ತರಕ್ಕೆ ಸುತ್ತಿಕೊಂಡು ಪೇಟೆಯಲ್ಲಿ ತಿರುಗುವವನೇ! ಮಗಳು ಶೇಖರಮ್ಮನನ್ನು ನೋಡಿದ್ದಾಯಿತು, ಅವಳ ಕೈಯ ಹೋಳಿಗೆ ಉಂಡದ್ದಾಯಿತು. ಕೊಟ್ರಬಸಪ್ಪನವರು ಹೆಂಡತಿಯ ಮುಖ ನೋಡಿದರು. ಅನ್ನಮ್ಮ ಹೂಂ ಅನ್ನಲೊಲ್ಲರು, ಊಹೂಂ ಅನ್ನಲೊಲ್ಲರು.

“ಹುಡುಗಿ ಛಲೋ ಅದಾಳ್ರಿ ಸಾವುಕಾರ್ರ. ಆದ್ರ ಭಾಳ ಮೆತ್ತಗ ಕಾಣತಾಳ. ನಮ್ಮನ್ಯಾಗ ಗಂಡಸರು ಬಾಯಿ ಬಿಡೂದಿಲ್ಲ. ನಾ ಒಬ್ಬಾಕಿನ ಎಷ್ಟಂತ ಮಾತಾಡ್ಲಿ? ಸೊಸಿಗೂ ಒಂದೀಟು ಬಾಯಿ ಬೇಕು. ಇರ್ಲಿ, ನೋಡೋಣು. ಇಲ್ಲಿ ಗುಡ್ಡದಾಗ ನೀರು ಬೀಳೂದು ಐತಂತಲ್ರಿ?”

ಆ ಪ್ರಶ್ನೆಗೇ ದೇವೇಂದ್ರಪ್ಪ ಮೇಲಿನ ರಣಘೋಷ ಮೊಳಗಿಸಿದ್ದು! ಮಗಳು ಗೆಲ್ಲದ ಯುದ್ಧವನ್ನು ಅಪ್ಪ ಗೆಲ್ಲುತ್ತಾನೆ, ಗುಡ್ಡ ಹತ್ತಿ ಗೆಲ್ಲುತ್ತಾನೆ ಎಂದು ಆತ ನಿರ್ಧರಿಸಿಬಿಟ್ಟ. ನಿಜ ಹೇಳಬೇಕೆಂದರೆ ಆತ ಆ ಗುಡ್ಡಕ್ಕೆ ಹೋಗಿದ್ದು ಸಣ್ಣವನಿದ್ದಾಗ, ಬಾರಿಹಣ್ಣು ಕದಿಯಲು. ಅದೂ ಬುಡದವರೆಗೆ ಮಾತ್ರ.

ಮರುದಿನ ಬೆಳಿಗ್ಗೆ ಎತ್ತು ಹೂಡಿದ ಕೊಲ್ಲಾರಿ ಗಾಡಿ ಹೊರಟಿತು. ಮೊಣಕಾಲು ನೋವಿನ ಕೊಟ್ರಬಸಪ್ಪನವರು ಗುಡ್ಡದ ಬುಡದಲ್ಲೇ ಗಾಡಿಯ ನೆರಳಿಗೆ ತಲೆದಿಂಬು ಹಾಕಿದರು. ಉಳಿದ ಮೂವರ ದಂಡಯಾತ್ರೆ ಅಡವಿ ಹೊಕ್ಕಿತು. ಮುಂದೆ ದೇವೇಂದ್ರಪ್ಪ, ಹಿಂದೆ ಬುತ್ತಿಗಂಟು ಹೊತ್ತ ವಿರೂಪಾಕ್ಷಮ್ಮ, ಅವಳ ಹಿಂದೆ ಎಲ್ಲವನ್ನೂ ತೂಗಿ ನೋಡುತ್ತ ಅನ್ನಮ್ಮ.

ಮೊದಲ ಜಾಲಿಗಿಡವೇ ದೇವೇಂದ್ರಪ್ಪನ ರುಮಾಲನ್ನು ಗೌರವದಿಂದ ಎತ್ತಿ ತನ್ನ ತಲೆಗೆ ಸುತ್ತಿಕೊಂಡಿತು. ಹರಿದದ್ದಷ್ಟನ್ನು ಬಿಡಿಸಿಕೊಂಡು ನಡೆದರು. ನಡೆದೇ ನಡೆದರು. ಆನೆಯ ಬೆನ್ನಿನಂಥ ಒಂದು ಬಂಡೆ ಬಂತು.

“ಈ ಕಲ್ಲು ನಿಮಗ ಗುರ್ತು ಐತೇನ್ರಿ?” ವಿರೂಪಾಕ್ಷಮ್ಮ ಕೇಳಿದಳು.

“ಓಹೋ! ಛಲೋ ಗುರ್ತು ಐತಿ!”

“ಇರಬೇಕು ಬಿಡ್ರಿ. ತಾಸಿನ ಹಿಂದನ ಇಲ್ಲೇ ಭೆಟ್ಟಿ ಆಗಿತ್ತಲ್ಲ.”

ಅನ್ನಮ್ಮನ ತುಟಿಯ ಕೊನೆ ಸ್ವಲ್ಪ ಅಲುಗಿತು. ದೇವೇಂದ್ರಪ್ಪ ಅದನ್ನು ಆಯಾಸ ಎಂದುಕೊಂಡ.

ಧಬಧಬೆಯನ್ನು ಆತ ಹುಡುಕಲಿಲ್ಲ, ಅದೇ ಸದ್ದು ಮಾಡಿ ಇವರನ್ನು ಕರೆಯಿತು. ಶ್ರಾವಣದ ಮಳೆ ಛಲೋ ಆಗಿತ್ತು. ಬಂಡೆಯ ನೆತ್ತಿಯಿಂದ ನೀರು ಹಾಲಿನ ಕೊಡ ಬೋರಲು ಹಾಕಿದಂತೆ ಬೀಳುತ್ತಿತ್ತು. “ನೋಡ್ರಿ, ಹೆಂಗೈತಿ!” ಎಂದು ಸ್ವತಃ ತಾನೇ ಸುರಿಸುತ್ತಿರುವವನಂತೆ ಕೈ ಎತ್ತಿದ ದೇವೇಂದ್ರಪ್ಪ, ಪಾಚಿಯ ಮೇಲೆ ಕಾಲಿಟ್ಟು, ಕೂತಲ್ಲೇ ಜಾರಿ ಮಡುವಿಗೆ ಇಳಿದ! ಎದ್ದಾಗ ಒಂದು ಕಾಲಿನ ಜೋಡು ಗಂಗಾರ್ಪಣವಾಗಿತ್ತು.

“ಸೆಕಿ ಭಾಳ ಇತ್ತು,” ಎಂದ, ಧೋತರ ಹಿಂಡುತ್ತ. “ಬೇಕಂತನ ಇಳದೆ.”

“ಜೋಡು ಬಿಚ್ಚಿ ಇಳೀಬೇಕಿತ್ತಲ್ರಿ,” ಎಂದಳು ವಿರೂಪಾಕ್ಷಮ್ಮ. “ಅರ್ಧಾನರ ಬಿಚ್ಚೀರಿ, ಛಲೋ ಆತು.”

ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹೊಟ್ಟೆಗಿಳಿದ ಮೇಲೆ ಎಲ್ಲರೂ ತೆಪ್ಪಗೆ ಗಾಡಿಗೆ ಮರಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಲೆ ಒಂದು ಗವಿ ಬಾಯಿ ತೆರೆದುಕೊಂಡಿತ್ತು.

“ಕರಡಿ ಇರತಾವೇನ್ರಿ ಅದರಾಗ?” ಅನ್ನಮ್ಮ ಕೇಳಿದರು.

“ನನ್ನ ವಾಸನಿ ಬಂದ್ರ ಕರಡಿ ಗವಿ ಖಾಲಿ ಮಾಡಿ ಹೋಗತಾವ್ರಿ ಬೀಗ್ತೀರ!”

“ಆ ಮಾತು ಖರೇ,” ಎಂದಳು ವಿರೂಪಾಕ್ಷಮ್ಮ.

ಹೆಂಡತಿ ಮೊದಲ ಸಲ ತನ್ನ ಮಾತನ್ನು ಒಪ್ಪಿದಳೆಂಬ ಹುರುಪಿನಲ್ಲಿ ದೇವೇಂದ್ರಪ್ಪ ಮೊಣಕಾಲೂರಿ ಗವಿ ಹೊಕ್ಕ. ಮೊದಲು ರುಮಾಲು ಮಾಯವಾಯಿತು, ಆಮೇಲೆ ಧೋತರ, ಆಮೇಲೆ ಬರಿಗಾಲು. ಮರುಕ್ಷಣ ಒಳಗೆ ಜೋಳದ ಚೀಲ ಉರುಳಿದ ಸದ್ದು! ಗವಿ ಒಳಗೆ ಇಳಿಜಾರಾಗಿತ್ತು. ಸಾವುಕಾರರು ಅದರ ತಳಕ್ಕೆ, ಬಾವಲಿಗಳ ಹಿಕ್ಕೆಯ ಮೆತ್ತನೆಯ ಗಾದಿಯ ಮೇಲೆ, ವಿರಾಜಮಾನರಾಗಿದ್ದರು.

“ಏ ಇಕೀನ! ಮ್ಯಾಲ ಹತ್ತಾಕ ಬರವಲ್ದು! ಹಗ್ಗ ತರಸು!”

“ಅಯ್ಯ ಶಿವನ! ಗಾಡಿಗೆ ಹೋಗಿ ಬೀಗರನ್ನ ಕರಕೊಂಡು ಬರತೀನಿ ತಡೀರಿ!”

“ಬ್ಯಾಡ! ಬೀಗರಿಗೆ ತಿಳಿದ್ರ ನನ್ನ ಮಾನ ಹೋಗತೈತಿ!”

ಅನ್ನಮ್ಮ ಗವಿಗೆ ಬಾಗಿ ಕೇಳಿದರು: “ನನಗ ತಿಳಿದ್ರ ಹೋಗೂದಿಲ್ಲೇನ್ರಿ ಸಾವುಕಾರ್ರ?”



ಪುಣ್ಯಕ್ಕೆ ಕುರಿ ಕಾಯುವ ಹುಸೇನಪ್ಪ ಆ ಕಡೆ ಬಂದ. ಹೆಗಲಲ್ಲಿ ಹಗ್ಗದ ಸಿಂಬಿ, ಆಳೆತ್ತರದ ಕೋಲು, ಕಂಬದಂಥ ರಟ್ಟೆ. ಆದರೆ ಗವಿಯೊಳಗಿಂದ “ಯಪ್ಪಾ, ಹಗ್ಗ ಬಿಡೋ!” ಎಂಬ ದನಿ ಗೊಗ್ಗರಾಗಿ ಬಂದದ್ದೇ ತಡ, ಆ ಭೀಮ ಹಾರಿ ಬಂಡೆಯ ಮರೆಗೆ ನಿಂತ!

“ಗವ್ಯಾಗಿಂದ ಕರದ್ರ ನಾವು ಓ ಅನ್ನೂದಿಲ್ರಿ ಯವ್ವಾ. ನಮ್ಮ ಕಾಕಾ ಒಮ್ಮೆ ಓ ಅಂದು ವರ್ಷಗಟ್ಲೆ ಜ್ವರ ಮಲಗಿದ್ದ.”

“ಅದು ದೆವ್ವ ಅಲ್ಲೋ, ನಮ್ಮನಿಯವ್ರು! ನಮ್ಮ ಕಣ್ಮುಂದನ ಒಳಗ ಹೋಗ್ಯಾರ!”

“ಹೋದವ್ರು ಅವರ ಇರಬೌದ್ರಿ. ಈಗ ಒಳಗ ಕುಂತು ಮಾತಾಡೋದು ಯಾರಂತ?”

“ನಾನು ದೇವೇಂದ್ರಪ್ಪಾ! ಕಿರಾಣಿ ದೇವೇಂದ್ರಪ್ಪಾ!” ಗವಿ ಗುಡುಗಿತು.

“ನೋಡ್ರಿ, ನೋಡ್ರಿ! ದೆವ್ವ ತನ್ನ ಹೆಸರು ತಾನ ಹೇಳತೈತಿ! ಮನಿಯವ್ರು ಹೊರಗಿಂದ ಹೆಸರು ಹಿಡದು ಕರೀಬೇಕ್ರಿ. ಅದಕ್ಕ ಓ ಅಂದ್ರ ಮನಷ್ಯಾ. ಇಲ್ಲಾಂದ್ರ ನಾ ಹಗ್ಗ ಬಿಡೂದಿಲ್ಲ.”

ಬಂತಲ್ಲ ಪೇಚು! ವಿರೂಪಾಕ್ಷಮ್ಮ ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಿಂದ ಬರಿದೇ ಆಡಿದವಳಲ್ಲ. ಆಡಲೇಬೇಕಾದರೆ ಒಡಪು ಕಟ್ಟಿ, ಪದಕ್ಕೆ ಪದ ಹೊಂದಿಸಿ, ಕೊನೆಗೆ ಹೆಸರು ಹೇಳಬೇಕು. ಅನ್ನಮ್ಮನಾದರೂ ಹೊರಗಿನ ಗಂಡಸಿನ ಹೆಸರು ಹಿಡಿದು ಕೂಗುವುದುಂಟೇ? ಅವರು ಸೆರಗು ಸರಿಮಾಡಿಕೊಂಡು ಬಂಡೆಯ ಮೇಲೆ ಆರಾಮಾಗಿ ಕೂತರು. ಆ ದಿನ ಮೊದಲ ಬಾರಿಗೆ ಅವರ ಕಣ್ಣು ಮಿನುಗಿತು.

“ಒಡಪು ಹೇಳ ತಂಗಿ.”

ವಿರೂಪಾಕ್ಷಮ್ಮ ಗಂಟಲು ಸರಿಮಾಡಿಕೊಂಡು ಬೆಳ್ಳಿ ತಟ್ಟೆ, ಮಲ್ಲಿಗೆ ದಂಡೆ ಎಂದು ಶುರು ಮಾಡುವಷ್ಟರಲ್ಲೇ ಅನ್ನಮ್ಮ ಕೈಯಾಡಿಸಿದರು. “ಬೆಳ್ಳಿ ತಟ್ಟಿ ಎಲ್ಲಾರೂ ಹೇಳತಾರ. ಹೊಸಾದು ಕಟ್ಟು.”

“ಹಳೇದಾದ್ರೂ ನಡೀತೈತಿ!” ಪಾತಾಳ ಬೇಡಿಕೊಂಡಿತು. “ಬಾವಲಿ ತಲಿ ಮ್ಯಾಲ ಕುಂತೈತಿ! ಲಗೂನ ಹೇಳ!”

“ಅವಸರ ಮಾಡಬ್ಯಾಡ್ರಿ, ಪದ ಕೂಡವಲ್ದು!” ಎಂದು ಗದರಿದ ವಿರೂಪಾಕ್ಷಮ್ಮ ಧಬಧಬೆಯನ್ನೊಮ್ಮೆ ನೋಡಿದಳು, ಗವಿಯನ್ನೊಮ್ಮೆ ನೋಡಿದಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು ಗುಡ್ಡ ಕೇಳುವ ಹಾಗೆ ಹೇಳಿದಳು:

“ಗುಡ್ಡದ ನೆತ್ತಿಂದ ಇಳದು ಬರತೈತಿ ನೀರು,
ಕರಡಿ ಓಡಿಸತೀನಂತ ಮಾತಿನಾಗ ಭಾಳ ಜೋರು,
ಕತ್ತಲಾಗ ಕುಂತು ಈಗ ಹಗ್ಗ ಕೇಳತಾರಪ್ಪ,
ಓ ಅನ್ರಿ, ನನ್ನ ಕೈ ಹಿಡಿದ ದೇವೇಂದ್ರಪ್ಪ!”

“ಓಽಽಽ!”

ಅಂಥ ಓಗೊಡುವಿಕೆಯನ್ನು ಆ ಗುಡ್ಡ ಕೇಳಿರಲಿಲ್ಲ! ಬಾವಲಿಗಳು ದಂಡುಗಟ್ಟಿ ಹೊರಬಿದ್ದವು. ಕುರಿಗಳು ಚೆದುರಿದವು. ಹುಸೇನಪ್ಪ “ಮನಷ್ಯಾನ ಬಿಡ್ರಿ, ಸಂಶೆ ಇಲ್ಲ!” ಎಂದು ಹಗ್ಗ ಇಳಿಬಿಟ್ಟು, ಗವಿಯ ಬಾಯಿಗೆ ಕಾಲು ಕೊಟ್ಟು ಜಗ್ಗಿದ. ತಳದಿಂದ ಮೊದಲು ವಾಸನೆ ಬಂತು, ಅದರ ಹಿಂದೆ ಅಡಿಯಿಂದ ಮುಡಿಯವರೆಗೆ ಹಿಕ್ಕೆ ಮೆತ್ತಿದ ದೇವೇಂದ್ರಪ್ಪ ಬಂದ.

ಅನ್ನಮ್ಮ ನಕ್ಕರು. ಬಂಡೆಗೆ ಒರಗಿ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಮಗಳ ಗತಿ ಮುಗಿಯಿತೆಂದು ದೇವೇಂದ್ರಪ್ಪ ತಲೆ ತಗ್ಗಿಸಿದ.

“ಇಂಥಾ ತಾಯಿ ಹೊಟ್ಯಾಗ ಹುಟ್ಟಿದಾಕಿಗೆ ಬಾಯಿ ಇಲ್ಲದ ಇರತೈತೇನು? ಇವತ್ತಿಲ್ಲ ನಾಳೆ ಬಿಚ್ಚತೈತಿ. ಶೇಖರಮ್ಮ ನಮ್ಮ ಸೊಸಿ ಆದ್ಲು ಬಿಡ್ರಿ, ಬೀಗ್ರ!”

ಬೀಗ್ರ! ಹಿಕ್ಕೆಯ ಅಡಿಯಲ್ಲೂ ದೇವೇಂದ್ರಪ್ಪನ ಮುಖ ಹೊಳೆಯಿತು. ಎದೆ ಉಬ್ಬಿತು. “ನಾ ಮೊದಲ ಅಂದಿದ್ನಿಲ್ರಿ, ಈ ಗುಡ್ಡ ನನ್ನ ಕೈ ಬಿಡೂದಿಲ್ಲಂತ!”

“ತಡೀರಿ, ಇನ್ನ ಮುಗದಿಲ್ಲ,” ಎಂದರು ಅನ್ನಮ್ಮ. “ನಮ್ಮ ಮನಿತನದಾಗ ಒಂದು ಪದ್ಧತಿ ಐತಿ. ಹೆಣ್ತಿ ಒಡಪು ಹೇಳಿದ್ರ ಗಂಡನೂ ಅಷ್ಟ ಛಲೋ ಒಡಪು ಕಟ್ಟಿ ಹೆಣ್ತಿ ಹೆಸರು ಹೇಳಬೇಕು. ಆಮ್ಯಾಲನ ಲಗ್ನದ ವೀಳ್ಯೇವು. ಹೂಂ, ಹೇಳ್ರಿ.”

ವಿರೂಪಾಕ್ಷಮ್ಮ ಕೈಕಟ್ಟಿ ನಿಂತು ಗಂಡನನ್ನೇ ನೋಡಿದಳು. ದೇವೇಂದ್ರಪ್ಪ ಬಾಯಿ ತೆರೆದ. ಮುಚ್ಚಿದ. ಆಕಾಶ ನೋಡಿದ, ನೀರು ನೋಡಿದ.

“ಹಗ್ಗ ಸುತ್ತಿ ಇಡ್ಲೇನ್ರಿ ಸಾವುಕಾರ್ರ?” ಹುಸೇನಪ್ಪ ಕೇಳಿದ.

“ಬ್ಯಾಡೋ ಯಪ್ಪಾ,” ಎಂದು ದೇವೇಂದ್ರಪ್ಪ ಗವಿಯ ಕಡೆ ತಿರುಗಿದ. “ಹಂಗ ಹಿಡಕೋ. ನಾ ಮತ್ತ ಒಳಗ ಇಳೀತೀನಿ!”