ಕೆರೆಯ ಏರಿಯ ಮೇಲೆ ನನ್ನನ್ನು ನಾನೇ ಬೈದುಕೊಂಡದ್ದು

ಬೇರೆಯವರನ್ನು ಬೈಯಬೇಕೆಂದರೆ ನನಗೆ ನಾಲಗೆಯೇ ಏಳುವುದಿಲ್ಲ. ಹತ್ತಿಮತ್ತೂರಿನ ಶಾಲೆಯಲ್ಲಿ ಇಷ್ಟು ವರ್ಷ ಮಾಸ್ತರಿಕೆ ಮಾಡಿದರೂ, ಮಗ್ಗಿ ಬಾರದ ಹುಡುಗರಿಗೆ ಕೂಡ "ಇವತ್ತಿಲ್ಲಂದ್ರ ನಾಳೆ ಬರತೈತಿ, ಕುಂದರು" ಎಂದೇ ಹೇಳಿದವನು. ಆದರೆ ಈ ಸಾತ್ವಿಕ ಮನುಷ್ಯ ತನ್ನನ್ನು ತಾನು ಬೈದುಕೊಳ್ಳಲು ನಿಂತನೆಂದರೆ ಸವಣೂರ ಸಂತೆಯ ಜಗಳದಲ್ಲೂ ಕೇಳಸಿಗದ ಮಾತುಗಳು ಹುಟ್ಟುತ್ತವೆ. ಇದು ನನ್ನ ಹೆಂಡತಿ ಶಾರದಾಳಿಗೂ ಗೊತ್ತಿರಲಿಲ್ಲ. ಬಯಲಾದದ್ದು ಕೆರೆಯ ಏರಿಯ ಮೇಲೆ.

ಹೋದ ವರ್ಷ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, "ಮಾಸ್ತರ, ಸಕ್ಕರಿ ಹೊಸ್ತಿಲಕ್ಕ ಬಂದು ನಿಂತೈತಿ. ದಿನಾ ನಡಿರಿ, ಇಲ್ಲಂದ್ರ ಒಳಗ ಬರತೈತಿ" ಎಂದರು. ಇಂಥ ಆರಂಭಗಳು ನನಗೆ ಹೊಸವಲ್ಲ. ಹಿಂದೊಮ್ಮೆ ಯೋಗ ಮಾಡುತ್ತೇನೆಂದು ಹುಬ್ಬಳ್ಳಿಯಿಂದ ತಂದ ಚಾಪೆಯ ಮೇಲೆ ನಾನು ನಾಲ್ಕು ದಿನ ಬಿದ್ದುಕೊಂಡೆ. ಆಮೇಲೆ ನಾಲ್ಕು ಬೇಸಿಗೆ ಸಂಡಿಗೆ ಬಿದ್ದುಕೊಂಡವು. "ಚಾಪಿ ಭಾಳ ಚೊಲೊ ಐತ್ರಿ, ಸಂಡಿಗಿ ಅಂಟೂದಿಲ್ಲ" ಎಂದು ಶಾರದಾ ಇವತ್ತಿಗೂ ನನ್ನ ಆಯ್ಕೆಯನ್ನು ಹೊಗಳುತ್ತಾಳೆ. ಈ ಸಲ ಬೂಟು ಕೊಂಡೆ. ಬೂಟಿನಲ್ಲಿ ಸಂಡಿಗೆ ಒಣಗಿಸಲಾಗದು ಎಂಬುದೊಂದು ಧೈರ್ಯ. ಮೊದಲ ವಾರ ಊರ ಕೆರೆಯ ಏರಿಯ ಮೇಲೆ ಚೆನ್ನಾಗಿಯೇ ನಡೆದೆ. ಆಮೇಲೆ ಹಾನಗಲ್ಲಿನಲ್ಲೊಂದು ಮದುವೆಗೆ ಹೋಗಿ ಎರಡು ದಿನ ತಪ್ಪಿತು. ಮೂರನೆಯ ಮುಂಜಾನೆ ಒಳಗಿನ ಮಾತು ಶುರುವಾಯಿತು. ಮುಗೀತಲ್ಲ ನಿನ್ನ ನಡಿಗಿ? ಬಗ್ಗಿ ದಾರ ಕಟ್ಟಾಕ ಹೊಟ್ಟಿ ಅಡ್ಡ ಬರತೈತಿ, ಇವನು ಸಕ್ಕರಿ ಓಡಸ್ತಾನಂತ! ಹೀಗೆ ಬೈದುಕೊಂಡೇ ಬೂಟು ಹಾಕಿದೆ, ಬೈದುಕೊಂಡೇ ತಿಂಗಳೊಪ್ಪತ್ತು ನಡೆದೆ.

ಅದೇ ಏರಿಯ ಮೇಲೆ ನಡೆಯಲು ಬರುತ್ತಿದ್ದವರು ದರ್ಜಿ ಖಾದರಸಾಬರು. ನನ್ನ ಮದುವೆಯ ಕೋಟು ಹೊಲಿದವರು. ಲಕ್ವಾ ಹೊಡೆದು ಎಡಗಾಲು ಸೋತಿತ್ತು. ಕೋಲು ಊರಿ, ಕಾಲೆಳೆಯುತ್ತ, ಒಂದು ದಿನವೂ ತಪ್ಪದೆ ಬರುತ್ತಿದ್ದರು. ಒಂದು ಮುಂಜಾನೆ ನಾನು ಅವರ ಹಿಂದೆ ನಾಲ್ಕು ಮಾರು ದೂರದಲ್ಲಿದ್ದೆ. ಹಿಂದಿನ ಸಂಜೆ ಚಹಾದ ಜೊತೆ ಒಂದು ಪೊಟ್ಟಣ ಕರಿದ ಖಾರವನ್ನು ಒಬ್ಬನೇ ಮುಗಿಸಿದ ಪಶ್ಚಾತ್ತಾಪಕ್ಕೆ ನನ್ನ ಕಾಲೂ ಭಾರವಾಗಿದ್ದವು. ಒಳಗಿನ ಮಾತು ನನಗರಿವಿಲ್ಲದೆ ಬಾಯಿಂದಲೇ ಹೊರಬಿತ್ತು: "ಹಿಂಗ ಕಾಲ ಎಳಕೋತ ಎಷ್ಟ ದಿನಾ ನಡೀತಿ? ನಿನ್ನ ಕಡಿಂದ ಆಗೂ ಮಾತಲ್ಲ. ಮನ್ಯಾಗ ಬಿದ್ಕೊ ಹೋಗು."

ಖಾದರಸಾಬರು ನಿಂತು ತಿರುಗಿ ನೋಡಿದರು. ನಾನು ನನ್ನದೇ ಗುಂಗಿನಲ್ಲಿ ಎಂದಿನಂತೆ ಕೈಮುಗಿದು ಮುಂದೆ ಹೋದೆ. ಅವರು ತಿರುಗಿ ಕೈಮುಗಿಯಲಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಮರುದಿನದಿಂದ ಅವರು ಏರಿಗೆ ಬರಲಿಲ್ಲ. ನಾಲ್ಕನೆಯ ದಿನ ಅವರಲ್ಲಿ ಕುಪ್ಪಸ ಹೊಲಿಯಲು ಕೊಟ್ಟು ಬಂದ ಶಾರದಾ ಹೇಳಿದಳು: "ಖಾದರಸಾಬ್ರು ನಡ್ಯೂದ ಬಿಟ್ಟಾರಂತ್ರಿ. ಯಾರೋ ಹಿಂದಿನಿಂದ ಬಂದು, ಕಾಲ ಎಳಕೋತ ಎಷ್ಟ ದಿನಾ ನಡೀತಿ ಅಂದ್ರಂತ. ಯಾರಂತ ಹೆಸರ ಹೇಳವಲ್ರು. ಎಂಥಾ ಮಂದಿ ಇರ್ತಾರ ನೋಡ್ರಿ."

ಎಂಥ ಮಂದಿ ಇರುತ್ತಾರೆ ಎಂಬುದನ್ನು ನೋಡಲು ನನಗೆ ಕನ್ನಡಿ ಸಾಕಿತ್ತು. ಎದ್ದವನೇ ಅವರ ಮನೆಗೆ ಹೋದೆ. ಅವರ ಹೆಂಡತಿ ಮೆಹಬೂಬಿ ಚಹಾ ಇಟ್ಟರು. "ಅದು ನಿಮಗ ಅಂದದ್ದಲ್ರಿ, ನನಗ ನಾನ ಅಂದ್ಕೊಂಡದ್ದು" ಎಂದೆ.

"ಮಾಸ್ತರ, ಸುಳ್ಳನ್ನರ ಚಂದಂಗ ಹೇಳ್ರಿ" ಎಂದರು ಖಾದರಸಾಬರು. "ತನಗ ತಾನ ಯಾರರ ಹಂಗ ಬೈಕೋತಾರೇನ್ರಿ?"

ಬೇರೆ ದಾರಿಯಿಲ್ಲದೆ, ತಿಂಗಳಿಂದ ಬೈದುಕೊಂಡದ್ದನ್ನೆಲ್ಲ ಪದ್ಯ ಒಪ್ಪಿಸಿದಂತೆ ಒಪ್ಪಿಸಿದೆ. ಹೊಟ್ಟೆಯದು, ಚಾಪೆಯದು, ಖಾರದ್ದು, ಒಂದನ್ನೂ ಬಿಡಲಿಲ್ಲ. ಬಾಯಿಬಿಟ್ಟು ಹೇಳುವಾಗ ಅವು ನನಗೇ ವಿಚಿತ್ರವಾಗಿ ಕೇಳಿಸಿದವು. ಮೆಹಬೂಬಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಖಾದರಸಾಬರ ಹೆಗಲು ಅಲುಗತೊಡಗಿತು. "ಸಾಕ್ ಮಾಡ್ರಿ ಮಾಸ್ತರ. ನನ್ನ ವೈರಿಗೂ ನಾ ಇಷ್ಟ ಅಂದಿಲ್ಲ."

ನಕ್ಕು ಮುಗಿದ ಮೇಲೆ ಅವರು ಕಣ್ಣೊರೆಸಿಕೊಂಡರು. "ಖರೆ ಹೇಳ್ತೇನಿ, ನನಗೇನ ಸಿಟ್ಟ ಬಂದಿರಲಿಲ್ರಿ. ನಾನೂ ಒಳಗೊಳಗ ಅದನ್ನ ಅಂದ್ಕೋತಿದ್ದೆ. ಓದಿದವರೂ ಅದನ್ನ ಅಂದಮ್ಯಾಲ ಖರೇನ ಇರಬೇಕು ಅನಿಸ್ತು."

ನಾನು ಚಹಾದ ಕಪ್ಪು ಕೆಳಗಿಟ್ಟೆ. ನನ್ನ ಬಗ್ಗೆ ನಾನು ಆಡಿಕೊಂಡ ಮಾತು ಇನ್ನೊಬ್ಬರ ಕಿವಿಗೆ ಬಿದ್ದರೆ ಎಷ್ಟು ಕ್ರೂರ ಎಂಬುದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಕೊನೆಗೆ ಮೆಹಬೂಬಿಯೇ ತೀರ್ಪು ಕೊಟ್ಟರು: "ನಾಳಿಂದ ಇಬ್ಬರೂ ಕೂಡೇ ಹೋಗ್ರಿ. ಬೈಕೊಳ್ಳೂದಿದ್ರ ಒಬ್ಬರಿಗೊಬ್ಬರು ಕೇಳೂ ಹಂಗ ಬೈಕೋರಿ."

ಅಂದಿನಿಂದ ಕೂಡಿಯೇ ನಡೆಯುತ್ತೇವೆ. ನಾನು ಸೋತ ಮಾತಾಡಿದರೆ ಅವರು, "ಇದನ್ನ ಜೋರಾಗಿ ಅನ್ರಿ, ಕೇಳ್ಲಿಲ್ಲ" ಎನ್ನುತ್ತಾರೆ. ಜೋರಾಗಿ ಅನ್ನುವಷ್ಟರಲ್ಲಿ ನಗು ಬರುತ್ತದೆ. ಅವರ ಕೋಲು ಈಗ ಅರ್ಧ ದಾರಿ ನೆಲ ಮುಟ್ಟುವುದಿಲ್ಲ. ನನ್ನ ರಿಪೋರ್ಟು ನೋಡಿ ಡಾಕ್ಟರು ಕೂಡ "ಹಿಂಗ ಇರ್ಲಿ" ಎಂದಿದ್ದಾರೆ. ತಪ್ಪಿದ ದಿನದ ಮರುದಿನ, ಏನೂ ಆಗಿಲ್ಲವೆಂಬಂತೆ ಹೋಗುವುದನ್ನೂ ಕಲಿತಿದ್ದೇನೆ.

ಆದರೆ ಮೊನ್ನೆ ಚಳಿಯಲ್ಲಿ ಎಚ್ಚರವಾದಾಗ ಒಳಗಿನಿಂದ ಬಂದ ಮಾತು ಬಹುವಚನದಲ್ಲಿತ್ತು. "ಭಾಳ ಚೊಲೊ ನಡ್ಯಾಕತ್ತೀರಿ ಮಾಸ್ತರ. ಇವತ್ತೊಂದಿನಾ ಆರಾಮ ಮಲಗ್ರಿ." ತಿಂಗಳುಗಟ್ಟಲೆ ಬೈದರೂ ಅದರ ಮಾತು ಕೇಳದ ನಾನು, ಹೊಗಳಿದ್ದೇ ತಡ, ವಿಧೇಯನಾಗಿ ಕೌದಿಯನ್ನು ಮುಖದ ಮೇಲೆಳೆದುಕೊಂಡೆ. ತುಸು ಹೊತ್ತಿಗೆ ಬಾಗಿಲಲ್ಲಿ ಖಾದರಸಾಬರ ದನಿ: "ಮಾಸ್ತರ, ನೀವ ಬೈಕೋತೀರೋ, ನಾ ಒಳಗ ಬಂದು ಬೈಯ್ಲೋ?"

"ನೀವ ಬೈರಿ, ನನಗ ರೂಢಿ ತಪ್ಪೇತಿ" ಎನ್ನುತ್ತ ಬೂಟು ಹುಡುಕಿದೆ.