ಉಮರಣ್ಣನ ಚಳಿ ಜಾಕೆಟ್

ಜರ್ಮನಿಗೆ ಹೋಗುವ ವಿಷಯ ದುಬೈಯ ತಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಾಗಬಾರದೆಂದು ದ್ವಾರಕನಾಥ ಹೆಂಡತಿ ಮಾನ್ಯಳಿಂದ ಆಣೆ ಹಾಕಿಸಿಕೊಂಡಿದ್ದ. ಗೊತ್ತಾದರೆ ಮುಗಿಯಿತು, ಪಾರ್ಸೆಲ್! ಹೋದ ಸಲ ಮೈಸೂರಿಗೆ ಹೊರಟಾಗ ಕೆಳಮನೆಯ ಲಿಯೊನೆಲ್ ತನ್ನ ಚಿಕ್ಕಮ್ಮನಿಗೆಂದು ಗ್ರೈಂಡರನ್ನೇ ಹೊರಿಸಿದ್ದ. ಈಗಂತೂ ಪಕ್ಕದ ಮನೆಯ ಖದೀಜಕ್ಕನ ತಮ್ಮ ಜಂಶೀರ್ ಓದುತ್ತಿರುವುದೇ ಜರ್ಮನಿಯಲ್ಲಿ.

ಮಾನ್ಯಳಿಗೆ ಹಿಮ ತೋರಿಸುತ್ತೇನೆಂದು ಮದುವೆಯಾದಾಗಿನಿಂದ ಹೇಳುತ್ತಾ ಬಂದವನು ಕೊನೆಗೂ ಟಿಕೆಟ್ ಮಾಡಿಸಿದ್ದ. ಕೋಟೆಗೋಡೆಯೊಳಗಿನ ಪುಟ್ಟ ಹಳೇ ಊರು, ಕಲ್ಲುಹಾಸಿನ ಓಣಿ, ಗಂಟೆಗೋಪುರ, ನಾಲ್ಕು ದಿನ ಇಬ್ಬರೇ. ಬಾಕಿಯಿದ್ದದ್ದು ಅವನಿಗೊಂದು ಜಾಕೆಟ್. ದುಬೈಯಲ್ಲಿದ್ದುಕೊಂಡು ಅಂಥದ್ದನ್ನು ಕೊಳ್ಳಲು ಮನಸ್ಸಾಗದೆ, ಹೊರಡುವ ಹಿಂದಿನ ದಿನ ಬೆಳಿಗ್ಗೆ ಖದೀಜಕ್ಕನ ಬಾಗಿಲು ತಟ್ಟಿದ. ಅವಳ ಗಂಡ ಉಮರಣ್ಣನ ಬಳಿ ದಪ್ಪನೆಯ ಚಳಿ ಜಾಕೆಟ್ ಒಂದಿತ್ತು.

"ಉಮರಣ್ಣನ ಜಾಕೆಟ್ ನಾಲ್ಕು ದಿನ ಬೇಕಿತ್ತು."

"ಈ ಊರಲ್ಲಿ ಜಾಕೆಟ್ ಎಂತಕ್ಕೆ ಮಾರಾಯ್ರೆ?"

ದ್ವಾರಕನಾಥ ತಡವರಿಸಿದ. "ಅದು... ಆಫೀಸಿನ ಕೆಲಸ. ಅಲ್ ಕೂಜ್‌ನಲ್ಲಿರುವ ನಮ್ಮ ಗೋಡೌನಿನ ಮೀನಿನ ಕೋಲ್ಡ್ ಸ್ಟೋರೇಜಲ್ಲಿ ಸ್ಟಾಕ್ ಎಣಿಸಬೇಕಂತೆ."

"ಯಾ ಅಲ್ಲಾ! ನಿಮ್ಮನ್ನು ಮೀನಿನ ಜೊತೆ ಫ್ರೀಜರಿಗೆ ಹಾಕ್ತಾರಾ?"

ಜಾಕೆಟ್ ಸಿಕ್ಕಿತು. ಜೊತೆಗೆ ಬಿಲ್ಡಿಂಗಿನ ಕನಿಕರವೂ ಸಿಕ್ಕಿತು. ಮಧ್ಯಾಹ್ನದೊಳಗೆ ಲಿಯೊನೆಲ್ ಉಣ್ಣೆಯ ಟೋಪಿ ತಂದು, ತಾನೇ ತೊಡಿಸಿ, "ಕಿವಿ ಹೋದ್ರೆ ಮತ್ತೆ ಬರುದಿಲ್ಲ" ಎಂದ. ಖದೀಜಕ್ಕ ಚೊಂಬು ತುಂಬ ಕಾಳುಮೆಣಸಿನ ಕಷಾಯ ಕುಡಿಸಿದಳು. ದ್ವಾರಕನಾಥ ಟೋಪಿಯೊಳಗೆ ಬೆವರುತ್ತಾ ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಒಂದು ಸುಳ್ಳಿಗೆ ಇಷ್ಟೇ ತಾನೇ ಖರ್ಚು ಎಂದುಕೊಂಡ, ಪಾಪ.

ಸಂಜೆ ಉಮರಣ್ಣನೇ ಸಿಟ್ಟಿನಲ್ಲಿ ಬಂದ. "ನಿಮ್ಮ ಮ್ಯಾನೇಜರ್ ಶಾನವಾಝ್ ನನಗೆ ಗೊತ್ತುಂಟು. ಈಗಲೇ ಕೇಳ್ತೇನೆ."

"ಅಯ್ಯೋ, ಬೇಡ ಉಮರಣ್ಣ!"

ಅಷ್ಟರಲ್ಲಿ ಫೋನು ಸ್ಪೀಕರಿಗೆ ಬಂದಿತ್ತು. "ಪಾಪದ ಮನುಷ್ಯನನ್ನು ನಾಲ್ಕು ದಿನ ಫ್ರೀಜರಿಗೆ ಹಾಕುದಾ? ಜಾಕೆಟ್ ಕೇಳ್ಕೊಂಡು ಮನೆಮನೆ ತಿರುಗ್ತಿದ್ದಾರೆ!"

ಆ ಕಡೆಯಿಂದ ಶಾನವಾಝ್‌ನ ದನಿ ಅರಳಿತು. "ದ್ವಾರಕನಾಥ್ ತಾವಾಗೇ ಬರ್ತಾರಾ? ಯಾರೂ ಒಪ್ಪದೆ ಸ್ಟಾಕ್ ಎಣಿಕೆಯೇ ನಿಂತಿತ್ತು!"

"ಸಾರ್, ನನ್ನ ರಜೆ..." ಎಂದ ದ್ವಾರಕನಾಥ.

"ರಜೆಯಲ್ಲೂ ಕೆಲಸಕ್ಕೆ ಬರುವ ಮನಸ್ಸು! ನಿಮ್ಮಂಥವರೇ ಬೇಕು. ರಜೆ ಕ್ಯಾನ್ಸಲ್ ಮಾಡಿದೆ. ನಾಳೆ ಬೆಳಿಗ್ಗೆ ಬನ್ನಿ, ಖಲಾಸ್."

ಮಾನ್ಯ ಒಳಗೆ ಹೋಗಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, "ಟಿಕೆಟ್ ದುಡ್ಡು ವಾಪಸ್ ಬರಲ್ಲ ರೀ. ನಾನಾದ್ರೂ ಹೋಗ್ಬರ್ತೀನಿ" ಎಂದಳು. ಒಬ್ಬಳೇ ಹೋಗುವ ಭಯಕ್ಕೆ ಖದೀಜಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಮೂರನೇ ದಿನ ಕೋಲ್ಡ್ ಸ್ಟೋರೇಜಿನಲ್ಲಿ ಮೀನಿನ ಪೆಟ್ಟಿಗೆಗಳ ನಡುವೆ ನಿಂತಿದ್ದ ದ್ವಾರಕನಾಥನ ಫೋನಿಗೆ ಫೋಟೋ ಬಂತು. ಕೋಟೆಬಾಗಿಲು, ಕೆಂಪು ಹೆಂಚಿನ ಮೇಲೆ ಹಿಮ, ಮುಂದೆ ನಗುತ್ತಿರುವ ಮಾನ್ಯ. ಪಕ್ಕದಲ್ಲಿ ಜಂಶೀರ್, ಕೈಯಲ್ಲಿ ಖದೀಜಕ್ಕನ ಎರಡು ಪಾರ್ಸೆಲ್. ಕೆಳಗೆ ಮಾನ್ಯಳ ಸಂದೇಶವಿತ್ತು.

"ನೀವಿಲ್ಲದೆ ಬೇಜಾರು ಕಣ್ರೀ. ಆದ್ರೆ ಅಂದ್ಕೊಂಡಷ್ಟು ಚಳಿ ಇಲ್ಲ, ಎರಡು ಡಿಗ್ರಿ ಅಷ್ಟೇ, ಸ್ವೆಟರ್ ಸಾಕು. ನಿಮಗೆ ಆ ಜಾಕೆಟ್ ಬೇಕಾಗಿಯೇ ಇರಲಿಲ್ಲ. ನಿಮಗಲ್ಲಿ ಹೇಗಿದೆ?"

ದ್ವಾರಕನಾಥ ಗೋಡೆಯ ಮೀಟರು ನೋಡಿದ. ಮೈನಸ್ ಹದಿನೆಂಟು. ಉತ್ತರ ಬರೆಯೋಣವೆಂದರೆ ಬೆರಳು ಬಗ್ಗಲಿಲ್ಲ.